ಜಿಂಕೆಗೋಸ್ಕರ ಮರ ಕಡಿದ ದಿನ

ಇವತ್ತು ಬೆಳಗ್ಗೆ ಪಕ್ಕದ ಮನೆಯ ಅಜ್ಜನ ಜೊತೆ ಅವರ 40 ಎಕರೆ ಕಾಡಿಗೆ ಹೋಗಿದ್ದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಿಮ ಇನ್ನೂ ಪೂರ್ತಿ ಕರಗಿಲ್ಲ. ಜಿಂಕೆಗೋಸ್ಕರ ಮರ ಕಡಿಯುವ ಕೆಲಸ ಅಂದಾಗ ನನಗೆ ಅರ್ಥವೇ ಆಗಿರಲಿಲ್ಲ.

ಎಳೆ ಮೇಪಲ್ ಮರವನ್ನು ಸೊಂಟದೆತ್ತರದಲ್ಲಿ ಮುಕ್ಕಾಲು ಭಾಗ ಮಾತ್ರ ಕೊಯ್ದು, ಮೆಲ್ಲಗೆ ಬಗ್ಗಿಸಿ ಮಲಗಿಸುತ್ತಾರೆ. ಒಂದು ಕಡೆ ತೊಗಟೆ ಅಂಟಿಕೊಂಡೇ ಇರುತ್ತದಲ್ಲ, ಹಾಗಾಗಿ ಮರ ಎಷ್ಟೋ ಸಲ ಬದುಕಿ ಮತ್ತೆ ಚಿಗುರುತ್ತದೆ. ಆ ಚಿಗುರು ಈಗ ಜಿಂಕೆಯ ಬಾಯಿಗೆ ಎಟುಕುತ್ತದೆ. ಮಲಗೋಕೆ ಮರೆಯೂ ಆಯ್ತು. ಮೇಲೆ ಜಾಗ ಬಿಟ್ಟು ಬಿಸಿಲು ಬಿದ್ದಲ್ಲಿ ಹೊಸ ಗಿಡಗಂಟಿ ಏಳುತ್ತವೆ. ಬಿಳಿ ಓಕ್ ಮರಗಳನ್ನು ಮಾತ್ರ ಅಜ್ಜ ಮುಟ್ಟಲಿಲ್ಲ. ಅದರ ಕಾಯಿಯಲ್ಲಿ ಒಗರು ಕಡಿಮೆ, ಜಿಂಕೆಗೆ ಬಹಳ ಇಷ್ಟ.

ನವೆಂಬರ್‌ನಲ್ಲಿ ಇಲ್ಲಿ 9 ದಿನ ಬಂದೂಕಿನ ಬೇಟೆ. ಅಜ್ಜ ಹೆಚ್ಚಾಗಿ ಹೆಣ್ಣು ಜಿಂಕೆಯನ್ನೇ ಹೊಡೆಯುತ್ತಾರೆ. ಜಿಂಕೆ ಜಾಸ್ತಿಯಾದರೆ ಓಕ್ ಸಸಿಗಳು ಮೇಲೇಳುವುದೇ ಇಲ್ಲ, ಎಲ್ಲ ಮೇಯ್ದು ಬಿಡುತ್ತವೆ. ಮಾಂಸ ಚಳಿಗಾಲ ಪೂರ್ತಿ ಮನೆಯ ಊಟಕ್ಕೆ.

ನಾನು ಮಲೆನಾಡಿನವಳು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವಳು. ಬೇಟೆ ಅಂದರೆ ಕದ್ದು ಮಾಡುವ ತಪ್ಪು ಅಂತಲೇ ಗೊತ್ತಿತ್ತು. ನಮ್ಮ ಕಾಡಿಗೆ ಆ ಕಾಯ್ದೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ವರ್ಷಕ್ಕೆ ಒಂದು ಜಿಂಕೆ ಹೊಡೆಯುವ ಈ ಮನುಷ್ಯ ಉಳಿದ ದಿನವೆಲ್ಲ ಅವುಗಳ ಮೇವು, ನೆರಳಿನ ಚಿಂತೆಯಲ್ಲೇ ಇರುತ್ತಾರೆ. ಅದನ್ನು ನೋಡಿ ಮನಸ್ಸು ತುಂಬಿತು.

ವಾಪಸ್ ಬರುವಾಗ ಹಿಮದ ಮೇಲೆ ಗೊರಸಿನ ಗುರುತು ಕಂಡಿತು. ಅಜ್ಜ ಅದನ್ನು ತುಳಿಯದೆ ಸುತ್ತಿ ನಡೆದರು. ನಾನೂ.