ರಾಯಚೂರಿನಿಂದ ಸ್ಟುಟ್‌ಗಾರ್ಟ್‌ಗೆ: ಒಂದು ವರ್ಷದ ವಾಸಕ್ಕೆ ಹೊರಡುವವರಿಗೆ

ರಾಯಚೂರು, ಸಿಂಧನೂರು, ಮಾನ್ವಿ ಕಡೆಯ ಮಕ್ಕಳು ಸಂಶೋಧನೆಗೆಂದೋ ಕಂಪನಿಯ ಕೆಲಸಕ್ಕೆಂದೋ ವರ್ಷದ ಮಟ್ಟಿಗೆ ಜರ್ಮನಿಗೆ ಹೋಗುವುದು ಈಗ ಅಪರೂಪವಲ್ಲ. ಹೊರಡುವವರು ಕೇಳುವುದೆಲ್ಲ ಚಳಿಯ ಬಗ್ಗೆ, ಊಟದ ಬಗ್ಗೆ. ಕೃಷಿ ಸಂಶೋಧನೆಗಾಗಿ ನಾನೂ ನಮ್ಮ ಯಜಮಾನರೂ ಸ್ಟುಟ್‌ಗಾರ್ಟ್ ನಗರದಲ್ಲಿ ಒಂದು ವರ್ಷ ಇದ್ದು ಬಂದೆವು. ಚಳಿಗೆ ಕೋಟು ಸಿಗುತ್ತದೆ, ಊಟಕ್ಕೂ ದಾರಿ ಸಿಗುತ್ತದೆ. ದಿನನಿತ್ಯ ದಣಿಸುವುದು ಮಾತ್ರ ಕಾಗದಪತ್ರಗಳ ಸರಪಳಿ ಮತ್ತು ಯಾರೂ ಮೊದಲೇ ಹೇಳಿರದ ಮನೆಯ ನಿಯಮಗಳು. ಇವುಗಳಲ್ಲಿ ಅರ್ಧದಷ್ಟನ್ನು ರಾಯಚೂರಿನಲ್ಲಿರುವಾಗಲೇ ಸರಿಪಡಿಸಿಕೊಳ್ಳಬಹುದಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರು. ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ, ಹೀಗೆ ಒಬ್ಬರ ಹೆಸರೇ ಮೂರು ಬಗೆಯಾಗಿರುವುದು ಸಾಮಾನ್ಯ. ಜರ್ಮನಿಯಲ್ಲಿ ಎಲ್ಲ ಅರ್ಜಿಗಳೂ ಅಡ್ಡಹೆಸರನ್ನೇ ಮೊದಲು ಕೇಳುತ್ತವೆ. ಆ ಜಾಗ ಖಾಲಿಯಿದ್ದರೆ ಬಾಡಿಗೆ ಒಪ್ಪಂದದಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು, ವಿಮೆಯಲ್ಲಿ ಮತ್ತೊಂದು ಹೆಸರು ಸೇರಿಕೊಂಡು, ನಾವೆಲ್ಲ ಒಬ್ಬರೇ ಎಂದು ಪ್ರತಿ ಕಿಟಕಿಯಲ್ಲೂ ವಿವರಿಸಬೇಕಾಗುತ್ತದೆ. ಆದ್ದರಿಂದ ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಅಡ್ಡಹೆಸರು ಸೇರಿಸಿ ಪಾಸ್‌ಪೋರ್ಟ್ ಮರುಪಡೆಯುವುದು ಒಳ್ಳೆಯದು. ಇನ್ನೊಂದು ಮಾತು: ವಿಮಾನಕ್ಕೆ ನಮಗೆ ಹೈದರಾಬಾದೇ ಹತ್ತಿರವಾದರೂ ಕರ್ನಾಟಕದವರ ವೀಸಾ ವ್ಯವಹಾರ ಬೆಂಗಳೂರಿನ ಜರ್ಮನ್ ದೂತಾವಾಸಕ್ಕೆ ಸೇರಿದ್ದು. ಹಾಗಾಗಿ ಎರಡು ದಿಕ್ಕಿನ ಪ್ರಯಾಣಕ್ಕೂ ಸಮಯ, ಹಣ ತೆಗೆದಿಡಿ.

ಅಲ್ಲಿಗೆ ಹೋದ ಮೇಲೆ ಮನೆಗೆ ಸೇರಿದ ಎರಡು ವಾರಗಳೊಳಗೆ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸಬೇಕೆಂಬುದು ಕಾನೂನು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಇದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಬರಿಯ ಬಾಡಿಗೆ ಒಪ್ಪಂದ ಸಾಲದು. ಬಹಳಷ್ಟು ಬ್ಯಾಂಕುಗಳು ಖಾತೆ ತೆರೆಯಲು ಈ ನೋಂದಣಿ ಕೇಳುತ್ತವೆ, ಮಾಲೀಕರು ಮನೆ ಕೊಡಲು ಬ್ಯಾಂಕ್ ಖಾತೆ ಕೇಳುತ್ತಾರೆ, ಮನೆಯಿಲ್ಲದೆ ನೋಂದಣಿಯಿಲ್ಲ. ಈ ಸುತ್ತಿನಿಂದ ಹೊರಬರುವ ದಾರಿ ಒಂದೇ: ವಿಶ್ವವಿದ್ಯಾಲಯದ ಅತಿಥಿಗೃಹವಾಗಲಿ, ತಾತ್ಕಾಲಿಕ ಬಾಡಿಗೆ ಮನೆಯಾಗಲಿ, ಮೊದಲ ತಿಂಗಳುಗಳಿಗೆ ಹಿಡಿಯುವ ಜಾಗದಲ್ಲಿ ನೋಂದಣಿಗೆ ಪತ್ರ ಕೊಡುತ್ತಾರೆಯೇ ಎಂದು ಇಲ್ಲಿಂದಲೇ ಲಿಖಿತವಾಗಿ ಕೇಳಿ ಖಚಿತಪಡಿಸಿಕೊಳ್ಳುವುದು. ಪತ್ರ ಕೊಡದ ಮನೆ ಎಷ್ಟೇ ಅಗ್ಗವಾದರೂ ಬೇಡ. ನಗರ ಕಚೇರಿಯ ಭೇಟಿಯ ಸಮಯವನ್ನೂ ವಿಮಾನದ ಟಿಕೆಟ್ ಕೈಗೆ ಬಂದ ದಿನವೇ ಆನ್‌ಲೈನಿನಲ್ಲಿ ಹುಡುಕಲು ತೊಡಗಿರಿ, ಏಕೆಂದರೆ ದೊಡ್ಡ ಊರುಗಳಲ್ಲಿ ವಾರಗಟ್ಟಲೆ ಸರದಿ ಇರುತ್ತದೆ.

ಸಣ್ಣದೆನಿಸಿದರೂ ಬಹಳ ಕಾಡಿದ್ದು ಅಂಚೆ ಪೆಟ್ಟಿಗೆ. ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ಅದರ ಪಿನ್, ವಿಮೆಯ ಕಾರ್ಡ್ ಎಲ್ಲವೂ ಬೇರೆಬೇರೆ ಲಕೋಟೆಗಳಲ್ಲಿ ಅಂಚೆಯಲ್ಲೇ ಬರುತ್ತವೆ. ನಮ್ಮೂರಿನಲ್ಲಿ ಅಂಚೆಯವರು ಹೆಸರು ಹೇಳಿದರೆ ಓಣಿ ಕೇಳಿಕೊಂಡು ಮನೆ ಹುಡುಕುತ್ತಾರೆ. ಅಲ್ಲಿ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ಕಳಿಸಿದವರಿಗೇ ಮರಳುತ್ತದೆ. ಬಂದ ದಿನವೇ ಪೆಟ್ಟಿಗೆಗೂ ಕರೆಗಂಟೆಗೂ ಪಾಸ್‌ಪೋರ್ಟ್‌ನಲ್ಲಿರುವ ಅಕ್ಷರಗಳಲ್ಲೇ ಹೆಸರು ಅಂಟಿಸಿ. ಗಂಡ-ಹೆಂಡತಿಯ ಅಡ್ಡಹೆಸರು ಬೇರೆಯಾಗಿದ್ದರೆ ಎರಡನ್ನೂ ಬರೆಯಿರಿ. ವಿಳಾಸ ನೋಂದಣಿಯಾದ ಮೇಲೆ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕ ಕೇಳುವ ಪತ್ರವೂ ಬರುತ್ತದೆ. ಟಿವಿ ಇಲ್ಲವೆಂದು ಅದನ್ನು ಬದಿಗಿಡಬೇಡಿ, ಟಿವಿ ಇರಲಿ ಬಿಡಲಿ ಶುಲ್ಕ ಕಟ್ಟಲೇಬೇಕು.

ಮನೆಯೊಳಗಿನ ನಿಯಮಗಳಿಗೆ ಬರೋಣ. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆಯೆಂದರೆ ನಾಲ್ಕು ಗೋಡೆ ಮತ್ತು ನೀರಿನ ಪೈಪು ಅಷ್ಟೆ. ಒಲೆ, ಸಿಂಕು, ಕಪಾಟು ಬಾಡಿಗೆದಾರರೇ ತಂದುಕೊಳ್ಳಬೇಕು. ಒಂದು ವರ್ಷಕ್ಕೆ ಹೋಗುವವರು ಪೀಠೋಪಕರಣ ಸಹಿತ ಮನೆಗೆ ಹೆಚ್ಚು ಬಾಡಿಗೆ ಕೊಟ್ಟರೂ ಒಟ್ಟಿನಲ್ಲಿ ಲಾಭವೇ. ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ: ಮನೆಗಳವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಮೆಟ್ಟಿಲನ್ನೂ ಮನೆಯ ಮುಂದಿನ ಕಾಲುದಾರಿಯನ್ನೂ ಗುಡಿಸಿ ಒರೆಸಬೇಕು, ಸರದಿ ಬಂದಾಗ ಬಾಗಿಲಿಗೆ ಫಲಕ ತೂಗುತ್ತದೆ. ಬಾಗಿಲಿಗೆ ನೀರು ಹೊಡೆದು ರಂಗೋಲಿ ಹಾಕಿ ಬೆಳೆದ ನನಗೆ ಇದು ಇಷ್ಟವೇ ಆಯಿತು. ನಿಮ್ಮ ಒಪ್ಪಂದದಲ್ಲಿ ಇದರ ಉಲ್ಲೇಖವಿದೆಯೇ ಎಂದು ಓದಿಸಿಕೊಂಡು ಸಹಿ ಮಾಡಿ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ರೈಲು ನಿಲ್ದಾಣ, ಪೆಟ್ರೋಲ್ ಬಂಕಿನಂಥ ಕಡೆಯ ಕೆಲವು ಅಂಗಡಿ ಬಿಟ್ಟರೆ ಹಾಲು ಸಿಗುವುದೂ ಕಷ್ಟ, ಆದ್ದರಿಂದ ಶನಿವಾರ ಸಂಜೆಯೊಳಗೆ ಸಂತೆ ಮುಗಿಸಿ. ಭಾನುವಾರ ಸದ್ದೂ ಮಾಡುವಂತಿಲ್ಲ. ಬೇರೆ ದಿನಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೌನ ಕಾಯಬೇಕು. ಇದು ನಮ್ಮ ಭಾಗದವರಿಗೆ ಹೆಚ್ಚು ತಟ್ಟುವುದು ಜೋಳದ ರೊಟ್ಟಿಯ ವಿಷಯದಲ್ಲಿ. ಭಾನುವಾರ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೆಳಮನೆಯ ಹಿರಿಯರು ಬಂದು, ಮರಗೆಲಸ ನಡೆದಿದೆಯೇ ಎಂದು ವಿನಯದಿಂದಲೇ ಕೇಳಿದರು. ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ರೊಟ್ಟಿ ಬಡಿಯುವ ಮರದ ಕೊಮಣಿಗೆಯ ಕೆಳಗೆ ಹಾಸಿದ ಮೇಲೆ ಸಪ್ಪಳ ನಿಂತಿತು, ಒಂದೆರಡು ರೊಟ್ಟಿ ಅವರ ಮನೆಗೂ ಹೋಯಿತು. ಜೋಳದ ಹಿಟ್ಟು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಊರಿನಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಯ್ಯಿರಿ. ಆದರೆ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟಕ್ಕೆ ತರುವಂತಿಲ್ಲವಾದ್ದರಿಂದ ಮನೆಯವರು ಪ್ರೀತಿಯಿಂದ ಕಟ್ಟಿಕೊಡುವ ತುಪ್ಪ, ಖೋವಾದ ಸಿಹಿ ಬೇಡ. ಹಸಿ ಕರಿಬೇವೂ ಬೇಡ.

ಹಣದ ವಿಷಯದಲ್ಲಿ ದೊಡ್ಡ ಕಿರಿಕಿರಿ ಓಟಿಪಿ. ನಮ್ಮ ಬ್ಯಾಂಕಿನ ಸಂದೇಶ ಭಾರತದ ಸಿಮ್‌ಗೇ ಬರುವುದರಿಂದ, ಅದನ್ನು ಸಣ್ಣ ಮೊತ್ತದ ರೀಚಾರ್ಜಿನಲ್ಲಾದರೂ ಜೀವಂತವಾಗಿಟ್ಟು, ರೋಮಿಂಗನ್ನು ಊರಲ್ಲಿರುವಾಗಲೇ ಚಾಲೂ ಮಾಡಿಸಿಕೊಂಡು ಹೋಗಿ.

ಅನಾರೋಗ್ಯವಾದಾಗ ನಮ್ಮಲ್ಲಿಯಂತೆ ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯಾಟಿಕ್ ತರಲು ಬರುವುದಿಲ್ಲ, ವೈದ್ಯರ ಚೀಟಿ ಬೇಕೇಬೇಕು. ಜೀವಕ್ಕೆ ಅಪಾಯವಿದ್ದರೆ 112, ರಾತ್ರಿ ಅಥವಾ ರಜೆಯಲ್ಲಿ ವೈದ್ಯರು ಬೇಕಾದರೆ 116117 ಎಂಬ ಎರಡು ಸಂಖ್ಯೆಗಳನ್ನು ಫೋನಿನಲ್ಲಿ ಮೊದಲೇ ಬರೆದಿಡಿ. ರೈಲು, ಟ್ರ್ಯಾಮ್ ಹತ್ತುವಾಗ ಟಿಕೆಟ್ ತಪಾಸಣೆ ಇರುವುದಿಲ್ಲ. ಒಳಗೆ ತಪಾಸಣೆಯವರು ಬಂದಾಗ ಟಿಕೆಟ್ ಇಲ್ಲದಿದ್ದರೆ 60 ಯೂರೋ ದಂಡ.

ಮರಳುವ ಮುನ್ನವೂ ಕೆಲಸವಿದೆ. ಫೋನು, ಇಂಟರ್ನೆಟ್, ಜಿಮ್ ಎಲ್ಲ ಒಪ್ಪಂದಗಳನ್ನೂ ಲಿಖಿತವಾಗಿ, ಗಡುವಿನೊಳಗೆ ರದ್ದುಮಾಡಬೇಕು. ಮನೆ ಬಿಡುವ ವಾರದಲ್ಲಿ ನಗರದ ಕಚೇರಿಗೆ ದೇಶ ಬಿಡುತ್ತಿರುವುದಾಗಿ ತಿಳಿಸಿ ಪ್ರಮಾಣಪತ್ರ ಪಡೆಯಿರಿ, ಟಿವಿ ಶುಲ್ಕ ನಿಲ್ಲಿಸಲು ಅದೇ ಆಧಾರ. ಮನೆಯ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಇರಬಹುದು, ಮಾಲೀಕರು ಲೆಕ್ಕ ಮುಗಿಸಿ ಅದನ್ನು ಮರಳಿಸುವಷ್ಟರಲ್ಲಿ ನೀವು ರಾಯಚೂರು ಸೇರಿ ತಿಂಗಳುಗಳೇ ಆಗಿರುತ್ತವೆ. ಆ ಹಣ ಕೈಸೇರುವವರೆಗೆ ಜರ್ಮನಿಯ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.