ಬ್ಯಾಂಡ್‌ನವರಿಗೆ ಕುರ್ಚಿ

ನಮ್ಮ ಬ್ಯಾಂಡ್‌ನಲ್ಲಿ ಅರ್ಧದಷ್ಟು ಜನ ಮದುವೆ ಬ್ಯಾಂಡ್‌ಸೆಟ್‌ನವರು. ಒಬ್ಬಿಬ್ಬರು ಪೊಲೀಸ್ ಬ್ಯಾಂಡ್‌ನಿಂದ ರಿಟೈರ್ ಆದವರು. ಮಿಕ್ಕವರೆಲ್ಲ ನನ್ನಂಥವರು, ಹಗಲು ಬ್ಯಾಂಕು, ಸ್ಕೂಲು ಅಂತ ದುಡಿದು ಸಂಜೆ ಊದೋಕೆ ಬರುವವರು. ಎನ್.ಆರ್. ಮೊಹಲ್ಲಾದ ಒಂದು ಶಾಲೆಯ ಜಗಲಿಯಲ್ಲಿ ಪ್ರಾಕ್ಟೀಸ್. ನನ್ನದು ಯುಫೋನಿಯಂ, ದಪ್ಪ ಸದ್ದಿನ ದೊಡ್ಡ ಹಿತ್ತಾಳೆ ವಾದ್ಯ. ಮೆರವಣಿಗೆಯಲ್ಲಿ ಅದರ ಸದ್ದು ಯಾರ ಗಮನಕ್ಕೂ ಬರುವುದಿಲ್ಲ, ಆದರೆ ಅದಿಲ್ಲದಿದ್ದರೆ ಹಾಡೆಲ್ಲ ಬೋಳು ಬೋಳು.

ಪಿತೃಪಕ್ಷದ ಒಂದು ಭಾನುವಾರ ಎರಡು ಕಾರ್ಯಕ್ರಮ ಒಟ್ಟಿಗೆ ಬಂದವು. ಬೆಳಿಗ್ಗೆ ಹೈಫಾ ಯುದ್ಧದಲ್ಲಿ ಮಡಿದವರ ಸ್ಮರಣೆ. ಸಂಜೆ ನಮ್ಮದೇ ಕ್ಲಾರಿನೆಟ್ ಅಜ್ಜನ ಹಾರ್ಟ್ ಆಪರೇಷನ್‌ಗೆ ಸಹಾಯಾರ್ಥ ಕಾರ್ಯಕ್ರಮ. ಎರಡಕ್ಕೂ ಸಂಭಾವನೆ ಇಲ್ಲ. ಪಿತೃಪಕ್ಷದಲ್ಲಿ ಮದುವೆ ಇರುವುದಿಲ್ಲ, ಹಾಗಾಗಿ ಬ್ಯಾಂಡ್‌ಸೆಟ್‌ನವರು ಎಲ್ಲರೂ ಸಿಕ್ಕರು. ಬೇರೆ ತಿಂಗಳಾಗಿದ್ದರೆ ನಾವು ನಾಲ್ಕು ಜನ ಹವ್ಯಾಸಿಗಳು ಒಂದು ಡ್ರಮ್ ಹಿಡಿದುಕೊಂಡು ನಿಲ್ಲಬೇಕಿತ್ತು.

ಹೈಫಾ ಅಂದರೆ ಮೈಸೂರಿನಲ್ಲೇ ಎಷ್ಟೋ ಜನ ಯಾವ ಊರು ಅಂತ ಕೇಳುತ್ತಾರೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆಗಳು ಸೇರಿ ತುರ್ಕರ ಕೈಯಿಂದ ಈಗಿನ ಇಸ್ರೇಲ್‌ನಲ್ಲಿರುವ ಆ ಬಂದರು ಪಟ್ಟಣವನ್ನು ಕಿತ್ತುಕೊಂಡರು. ಕಾರ್ಮೆಲ್ ಬೆಟ್ಟದ ಮೇಲೆ ಮೆಷಿನ್ ಗನ್ನು, ಫಿರಂಗಿ. ಕೆಳಗೆ ಇವರು ಕುದುರೆ ಮೇಲೆ, ಕೈಯಲ್ಲಿ ಭರ್ಜಿ. ಮೈಸೂರಿನವರು ಆ ಕಡಿದಾದ ಬೆಟ್ಟ ಹತ್ತಿದ್ದಾರೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನ ಸವಾರ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕ ಇದೆ. ನಮ್ಮ ಕಾರ್ಯಕ್ರಮ ಇಷ್ಟು ದೊಡ್ಡದೇನಲ್ಲ. ನಜರ್‌ಬಾದ್ ಕಡೆಯ ಒಂದು ಪಾರ್ಕಿನಲ್ಲಿ ಕೆಲವು ಮಾಜಿ ಸೈನಿಕರು, ಅವರ ಮನೆಯವರು, ಒಂದು ಮೇಜು, ಹೂವಿನ ಬುಟ್ಟಿ.

ಮಡಿದ ಸೈನಿಕರ ನೆನಪಿಗೆ ಮೌನಕ್ಕೆ ಮುಂಚೆ ಊದುವ ಲಾಸ್ಟ್ ಪೋಸ್ಟ್ ಊದಬೇಕಿದ್ದದ್ದು ನಮ್ಮ ಕಾರ್ನೆಟ್ (ಟ್ರಂಪೆಟ್‌ನಂಥದೇ ಚಿಕ್ಕ ವಾದ್ಯ) ಹುಡುಗ. ಪಿಯುಸಿ ಓದುತ್ತಿದ್ದಾನೆ, ಅಪ್ಪನ ಜೊತೆ ಮದುವೆಗಳಿಗೂ ಹೋಗುತ್ತಾನೆ. ಇದು ಮೂಲದಲ್ಲಿ ಬ್ಯೂಗಲ್‌ನ ಕರೆ. ಬ್ಯೂಗಲ್‌ಗೆ ವಾಲ್ವ್, ಅಂದರೆ ಸ್ವರ ಬದಲಿಸೋಕೆ ಒತ್ತುವ ಗುಂಡಿ, ಇಲ್ಲ. ಇಡೀ ಕರೆ ಇರುವುದು ಐದೇ ಸ್ವರದಲ್ಲಿ, ಅದನ್ನೆಲ್ಲ ತುಟಿ ಬಿಗಿ ಮಾಡಿ, ಸಡಿಲ ಮಾಡಿ ತೆಗೆಯಬೇಕು. ಕಾರ್ನೆಟ್‌ನಲ್ಲಿ ಊದಿದರೂ ಒಂದು ವಾಲ್ವೂ ಒತ್ತುವ ಹಾಗಿಲ್ಲ. ನೋಡುವವರಿಗೆ ಸುಮ್ನೆ ಹಿಡಿದುಕೊಂಡು ನಿಂತಿದ್ದಾನೆ ಅನ್ನಿಸುತ್ತೆ. ಆದರೆ ಅದು ಭಾರೀ ಕಷ್ಟ. ಬೆಳಗಿನ ಚಳಿಗೆ ಹಿತ್ತಾಳೆ ತಣ್ಣಗಿರುತ್ತೆ, ಸ್ವರ ಕೆಳಗೆ ಜಾರುತ್ತೆ. ಬಿಸಿಲಿಗೆ ಬಿಸಿಯಾದ ಮೇಲೆ ಏರುತ್ತೆ. ಹುಡುಗ ಮೌತ್‌ಪೀಸನ್ನು ಮೊದಲಿಂದಲೂ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಿಸಿ ಮಾಡಿಕೊಂಡಿದ್ದ. ಇದನ್ನು ಹೇಳಿಕೊಟ್ಟಿದ್ದು ಪೊಲೀಸ್ ಬ್ಯಾಂಡ್‌ನ ಮೇಷ್ಟ್ರು.

ಕೊನೆಯ ಮೇಲಿನ ಸ್ವರ ಸ್ವಲ್ಪ ನಡುಗಿತು, ಒಡೆಯಲಿಲ್ಲ. ಮೌನ ಶುರುವಾದ ಕೂಡಲೇ ಹೊರಗಿನ ರಸ್ತೆಯಲ್ಲಿ ಕಸದ ಗಾಡಿ ತನ್ನ ಹಾಡು ಹಾಕಿಕೊಂಡು ಬಂತು. ಯಾರೂ ನಗಲಿಲ್ಲ. ನಮ್ಮ ಡ್ರಮ್ಮರ್ ಮಾತ್ರ ಕಾಲ್ಬೆರಳಲ್ಲಿ ಅದಕ್ಕೆ ತಾಳ ಹಾಕುತ್ತಿದ್ದುದನ್ನು ನಾನು ನೋಡಿದೆ. ಅವನ ತಪ್ಪಲ್ಲ ಬಿಡಿ, ಆ ಕಾಲು ಇಪ್ಪತ್ತು ವರ್ಷದಿಂದ ಬೀದಿಯಲ್ಲೇ ದುಡಿದಿದೆ.

ಸಂಜೆಯ ಕಥೆಯೇ ಬೇರೆ. ಒಂದು ಸಣ್ಣ ಕಲ್ಯಾಣ ಮಂಟಪ ಪುಕ್ಕಟೆ ಸಿಕ್ಕಿತ್ತು. ನಾವು ಹೋಗುವ ಹೊತ್ತಿಗೆ ಸ್ಟೇಜ್ ಮೇಲೆ ಅರ್ಧ ಚಂದ್ರಾಕಾರದಲ್ಲಿ ಕುರ್ಚಿ ಹಾಕಿದ್ದರು. ಬ್ಯಾಂಡ್‌ಸೆಟ್‌ನ ಟ್ರಂಪೆಟ್‌ನವನು ಕುರ್ಚಿ ಹಿಂದೆ ನಿಂತುಕೊಂಡ. ಕೂತ್ಕೊಳಪ್ಪ ಅಂದರೆ, "ಗೆಸ್ಟ್‌ಗೆ ಅಲ್ವಾ?" ಅಂದ. ತಮಾಷೆಗೆ ಕೇಳಿದ್ದಲ್ಲ. ವರನ ಕಾರಿನ ಮುಂದೆ ನಡೆಯುತ್ತಾ ಊದಿ, ಚೌಟ್ರಿ ಬಾಗಿಲಲ್ಲಿ ನಿಂತು ಊದಿ, ಎಲ್ಲರ ಊಟ ಆದಮೇಲೆ ಹಿಂದಿನ ಬಾಗಿಲಿಂದ ಊಟಕ್ಕೆ ಹೋಗುವವರು ಅವರು. ಕೂತು ಊದುವುದು ಅಂದರೆ ಹೊಟ್ಟೆಯ ಉಸಿರೇ ಬೇರೆ ಥರ ಬರುತ್ತೆ ಅಂತ ಆಮೇಲೆ ಹೇಳಿದ.

ನೋಡಿ, ಮೈಸೂರಿನಲ್ಲಿ ಬ್ಯಾಂಡ್‌ಗೆ ಮರ್ಯಾದೆ ಇಲ್ಲ ಅಂತಲ್ಲ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಅಂತ ಎರಡಿದ್ದವು. ನಾಲ್ವಡಿಯವರ ಕಾಲದಲ್ಲಿ ಆಟೋ ಷ್ಮಿಟ್ ಅನ್ನೋ ಜರ್ಮನ್ ಬಂದು ವಾದ್ಯವೃಂದ ನಡೆಸಿದರು. ಆಮೇಲೆ ಬ್ಯಾಂಡ್ ಪೊಲೀಸ್ ಇಲಾಖೆಗೆ ಹೋಯಿತು. ಈಗಲೂ ದಸರಾದಲ್ಲಿ ಅರಮನೆ ಮುಂದೆ ಅವರು ನುಡಿಸಿದರೆ ಜನ ಕೂತು ಕೇಳುತ್ತಾರೆ. ಅದೇ ಟ್ರಂಪೆಟ್ಟು, ಅದೇ ಮೂರು ವಾಲ್ವು. ಅರಮನೆಯಲ್ಲಿ ಊದಿದರೆ ಕುರ್ಚಿ, ಬೀದಿಯಲ್ಲಿ ಊದಿದರೆ ಚಪ್ಪಲಿ ಸವೆತ.

ಶುರುವಿಗೆ "ಕಾಯೌ ಶ್ರೀ ಗೌರಿ". ಬಸವಪ್ಪ ಶಾಸ್ತ್ರಿಗಳು ಬರೆದ, ಮೈಸೂರು ಸಂಸ್ಥಾನದ ನಾಡಗೀತೆಯಾಗಿದ್ದ ಹಾಡು. ಎರಡನೇ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ಪಕ್ಕದವರೂ ಎದ್ದರು. ಆಮೇಲೆ ಇಡೀ ಹಾಲ್, ಯಾಕೆ ಅಂತ ಗೊತ್ತಿಲ್ಲದವರೂ. ನಂತರ ಹಳೆಯ ಸಿನಿಮಾ ಹಾಡುಗಳು. ಇಲ್ಲಿ ಮೇಷ್ಟ್ರಿಗೆ ತಲೆಬಿಸಿ. ಟ್ರಾಫಿಕ್, ಪಟಾಕಿ, ಜನರೇಟರ್ ಎಲ್ಲದರ ಮೇಲೆ ಕೇಳಬೇಕು ಅಂತಲೇ ಊದಿ ರೂಢಿಯಾದ ತುಟಿಗಳು, ಮೆಲ್ಲಗೆ ಅಂದರೆ ಎಲ್ಲಿ ಬರಬೇಕು? "ನೀವು ಕೆ.ಆರ್. ಸರ್ಕಲ್‌ಗೆ ಊದ್ತಾ ಇದೀರ, ನನಗೆ ಬೇಕಿರೋದು ಮೂರನೇ ಸಾಲು" ಅಂತ ಪ್ರಾಕ್ಟೀಸ್‌ನಲ್ಲಿ ಬೈದಿದ್ದರು. ಆವತ್ತು ಮೆಲ್ಲಗೆ ಬಂತು. ಟ್ರಂಪೆಟ್‌ನವನ ಕೆನ್ನೆ ಉಬ್ಬಲೇ ಇಲ್ಲ. ನಾನು ಕೆಳಗಿನ ಸ್ವರ ಹಿಡಿದು ಕೂತಿದ್ದೆ, ಅವನ ಉಸಿರು ನನಗೆ ಕೇಳುತ್ತಿತ್ತು.

ಸರಿಯಾಗಿ ಆಗ ಬಾಗಿಲ ಬಳಿಯ ಪೆಟ್ಟಿಗೆ ಮಾತಾಡಿತು. ಹಣ ಬಂದರೆ ಕೂಗಿ ಹೇಳುತ್ತಲ್ಲ, ಅಂಗಡಿಗಳಲ್ಲಿ ಇರುತ್ತಲ್ಲ, ಅದು. ಖಜಾಂಚಿ ತಮ್ಮ ಅಂಗಡಿಯಿಂದಲೇ ತಂದು ಹುಂಡಿ ಪಕ್ಕ ಇಟ್ಟಿದ್ದರು. "ಐನೂರು ರೂಪಾಯಿ ಸ್ವೀಕರಿಸಲಾಗಿದೆ." ಅದೂ ಅಚ್ಚ ಕನ್ನಡದಲ್ಲಿ. ಮೇಷ್ಟ್ರ ಮುಖ ಕೆಂಪಾಯಿತು. ಎರಡು ಸಾಲು ಆದಮೇಲೆ, "ನೂರ ಒಂದು ರೂಪಾಯಿ". ಸದ್ದು ಕಡಿಮೆ ಮಾಡಿ ಅಂತ ಖಜಾಂಚಿಗೆ ಕಣ್ಸನ್ನೆ ಹೋಯಿತು. ಅವರು ಮಾಡಲಿಲ್ಲ. ಒಬ್ಬರದು ಕೇಳಿಸಿದರೆ ಇನ್ನೊಬ್ಬರು ಫೋನ್ ತೆಗೆಯುತ್ತಾರೆ ಅನ್ನುವುದು ಅವರ ಲೆಕ್ಕ. ನನಗೆ ಮೇಷ್ಟ್ರ ಕಡೆಯೇ ಒಲವು, ಆದರೆ ಲೆಕ್ಕದಲ್ಲಿ ಖಜಾಂಚಿಯೇ ಸರಿ. ಮಾರ್ಚ್ ನುಡಿಸುವಾಗ ಪೆಟ್ಟಿಗೆ ಬಿಡುವಿಲ್ಲದೆ ಕೂಗಿತು, ಆ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ ಅಷ್ಟೇ.

ದುಡ್ಡು ಅಜ್ಜನ ಮಗಳಿಗೆ ಮಾರನೇ ದಿನ ತಲುಪಿತು. ಆಪರೇಷನ್ ಖರ್ಚಿಗೆ ಪೂರ್ತಿ ಸಾಲಲಿಲ್ಲ, ಔಷಧಿ, ಓಡಾಟಕ್ಕೆ ಆಯಿತು. ಅಜ್ಜ ಹುಷಾರಾಗಿ ಮನೆಗೆ ಬಂದ ಮೇಲೆ ವಿಡಿಯೋ ತೋರಿಸಿದೆವು. ತಮ್ಮ ಜಾಗದಲ್ಲಿ ಕ್ಲಾರಿನೆಟ್ ಊದಿದವನ ರೀಡ್ ಸರಿಯಿಲ್ಲ ಅಂತ ಬೈದರು.

ದಸರಾ ಕಳೆದು ಮದುವೆಗಳು ಶುರುವಾದವು. ನಂಜನಗೂಡಿನ ಒಂದು ಚೌಟ್ರಿಯಲ್ಲಿ ಟ್ರಂಪೆಟ್‌ನವನು ಮ್ಯಾನೇಜರ್‌ಗೆ ಕುರ್ಚಿ ಕೇಳಿದನಂತೆ. ಕೊಟ್ಟರಂತೆ ಕೂಡ. ಮುಹೂರ್ತ ಆಗಿದ್ದೇ ತಡ, ಊಟದ ಹಾಲ್‌ಗೆ ಕಮ್ಮಿ ಬಿತ್ತು ಅಂತ ಹುಡುಗರು ಬಂದು ಎತ್ತಿಕೊಂಡು ಹೋದರು. "ಎರಡು ಹಾಡು ಕೂತೇ ಊದಿದೆ ಸಾರ್" ಅಂತ ಫೋನ್ ಮಾಡಿ ಹೇಳಿದ.