ಅರ್ಕಾವತ್ತು ಕೊನೆಗೂ ತನ್ನ ಜಾಗಕ್ಕೆ ಬಂತು

ಇವತ್ತು ಟ್ಯಾಬ್ಲೆಟ್ ‘ಸಾಮರ್ಥ್ಯ’ವನ್ನು, ಅದರ ಅರ್ಕಾವತ್ತು (ಬಲಕ್ಕೆ ಬರೆಯುವ ‘ರ್’ ಗುರುತು) ಸಮೇತ, ‘ಸಾಮರ್ಥ್ಯ’ ಎಂದೇ ಗಟ್ಟಿಯಾಗಿ ಓದಿತು! ಕನ್ನಡದ ಹಳೇ ಪಿಡಿಎಫ್‌ಗಳನ್ನು ಓದಿಸಿ ಕೇಳಲು ಒದ್ದಾಡಿದವರಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ಗೊತ್ತು.

ಕನ್ನಡ ಧ್ವನಿ ಇಳಿಸಿಕೊಳ್ಳುವುದು, ಇ-ಪುಸ್ತಕ ಸಿದ್ಧಪಡಿಸುವ ಕ್ಯಾಲಿಬರ್‌ನಲ್ಲಿ ಇಪಬ್ ಕಡತ ಮಾಡುವುದು ನಿಮಗೆ ಗೊತ್ತಿರುವ ಕೆಲಸ. ಒಂದು ಮಾತು ಮಾತ್ರ: ಇಪಬ್ ಒಳಗೆ ಭಾಷೆ ಕನ್ನಡ ಅಂತ ಇದೆಯಾ ನೋಡಿಕೊಳ್ಳಿ. ಇಂಗ್ಲಿಷ್ ಅಂತಿದ್ದರೆ ಕೆಲವು ಆ್ಯಪ್‌ಗಳು ಇಂಗ್ಲಿಷ್ ಧ್ವನಿಯನ್ನೇ ಎತ್ತಿಕೊಳ್ಳುತ್ತವೆ.

ಸತಾಯಿಸಿದ್ದು ನಾನು ಕೊಂಡ ಪುಸ್ತಕದ ಪಠ್ಯ. ಅದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನದು. ಪರದೆ ಮೇಲೆ ಚಂದದ ಕನ್ನಡ, ಒಳಗೆ ಲ್ಯಾಟಿನ್ ಅಕ್ಷರಗಳ ಕೋಡು (ಸಂಕೇತ). ಫಾಂಟು ಅದರ ಮೇಲೆ ಕನ್ನಡದ ಚಿತ್ರ ಕೂರಿಸುತ್ತದೆ, ಅಷ್ಟೇ. ಗೂಗಲ್ ಧ್ವನಿಯಾಗಲಿ, ಇಸ್ಪೀಕ್ ಎಂಬ ಓದುವ ತಂತ್ರಾಂಶವಾಗಲಿ, ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಕೋಡು ಕೊಡುವ ಪದ್ಧತಿ) ಸಿಗದೆ ಕನ್ನಡ ಓದಲಾರವು. ಪುಸ್ತಕ ಮಾರಿದವರಿಗೆ ಬರೆದೆ. ‘ನಮ್ಮಲ್ಲಿ ಸರಿಯಾಗಿ ಕಾಣಿಸುತ್ತಿದೆ’ ಎಂದು ಉತ್ತರ ಬಂತು. ಕಾಣಿಸುವುದು ಬೇರೆ, ಕೇಳಿಸುವುದು ಬೇರೆ ಸ್ವಾಮಿ! ಕಣ್ಣು ಕಾಣದವರು ದುಡ್ಡು ಕೊಟ್ಟು ಕೊಂಡರೆ ಅವರ ಗತಿ ಏನು? ಇದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಹಾಗಾಗಿ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ನುಡಿಯ ಪಠ್ಯವನ್ನು ಯೂನಿಕೋಡ್ ಮಾಡುವ ಪರಿವರ್ತಕ ಬರೆಯಲು ಕೂತೆ. ನುಡಿಯಲ್ಲಿ ಅಕ್ಷರಗಳು ತುಂಡು ತುಂಡಾಗಿರುತ್ತವೆ. ‘ವ’ಕ್ಕೆ ಕೊಂಬಿನ ಕೋಡು ಸೇರಿದರೆ ‘ಮ’. ‘ಯ’ದ ಮೊದಲ ತುಂಡಿಗೂ ಸೊನ್ನೆಗೂ ಒಂದೇ ಕೋಡು. ಉದ್ದದ ಜೋಡಣೆಗಳನ್ನು ಮೊದಲು ಬದಲಿಸಿದರೆ ಇದೆಲ್ಲ ಬಗೆಹರಿಯುತ್ತದೆ.

ಅರ್ಕಾವತ್ತು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬರೆಯುವಾಗ ಅದು ಅಕ್ಷರದ ಬಲಕ್ಕೆ, ಉಚ್ಚರಿಸುವಾಗ ಮೊದಲಿಗೆ. ನುಡಿ ಅದನ್ನು ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್‌ಗೆ ಉಚ್ಚಾರಣೆಯ ಕ್ರಮ ಬೇಕು. ಸುಮ್ನೆ ಬದಲಿಸಿದರೆ ‘ಧರ್ಮ’ ಹೋಗಿ ‘ಧಮರ್’, ‘ವರ್ಷ’ ಹೋಗಿ ‘ವಷರ್’. ಕಣ್ಣಲ್ಲಿ ಓದುವಾಗ ಇಂಥದ್ದನ್ನು ತಿದ್ದಿಕೊಂಡು ಮುಂದೆ ಹೋಗಬಹುದು. ಕೇಳುವಾಗ ಮೂರನೇ ಸಾಲಿಗೇ ಅರ್ಥ ಕೈಬಿಡುತ್ತದೆ.

ಒಂದು ವ್ಯಂಜನ ಹಿಂದೆ ಹೋಗಿ ‘ರ್’ ತೂರಿಸಿದಾಗ ‘ಧರ್ಮ’ ಸರಿಹೋಯಿತು, ‘ಸಾಮರ್ಥ್ಯ’ ಮಾತ್ರ ‘ಸಾಮಥ್ರ್ಯ’ ಆಯಿತು. ಅಲ್ಲಿ ಹಿಂದೆ ಮೊದಲು ಸಿಗುವುದು ‘ಥ’ ಅಲ್ಲ, ಯ ಒತ್ತು. ‘ವರ್ಗೀಕರಣ’ದಲ್ಲಿ ಗುಡಿಸು, ದೀರ್ಘ ಎರಡೂ ಅಡ್ಡ ಬರುತ್ತವೆ. ಎಷ್ಟು ಹೆಜ್ಜೆ ಹಿಂದೆ ಹೋಗಬೇಕು ಅಂತ ಎಣಿಸುವುದನ್ನೇ ಬಿಟ್ಟೆ. ಈಗ ನನ್ನ ಪರಿವರ್ತಕ ಪದವನ್ನು ಮೊದಲು ಗುಂಪುಗಳಾಗಿ ಒಡೆಯುತ್ತದೆ: ವ್ಯಂಜನ, ಅದರ ಒತ್ತುಗಳು, ಅದರ ಸ್ವರಚಿಹ್ನೆ, ಎಲ್ಲ ಒಟ್ಟಿಗೆ. ಅರ್ಕಾವತ್ತು ಕಂಡರೆ ಆ ಇಡೀ ಗುಂಪಿನ ಶುರುವಿಗೆ ‘ರ್’ ಹೋಗುತ್ತದೆ. ‘ಈರ್ಷ್ಯೆ’, ‘ಅರ್ಘ್ಯ’, ‘ಮರ್ತ್ಯ’ ಎಲ್ಲವೂ ಪಾಸ್! ಎಂಥ ಖುಷಿ ಅಂತೀರಿ.

ಚಿಲ್ಲರೆ ಕೆಲಸ ಉಳಿದಿದೆ. ‘ಕ್ರಿ.ಶ.’ದ ಚುಕ್ಕಿಗಳನ್ನು ವಾಕ್ಯ ಮುಗಿದ ಹಾಗೆ ಓದುತ್ತಿದೆ. ಅದನ್ನು ‘ಕ್ರಿಸ್ತ ಶಕ’ ಎಂದು ಬಿಡಿಸಿ ಬರೆಸಿದರೆ ಆಯಿತು.

ನನಗೆ ಆಸೆ ಇರುವುದು ಆರು ಸಾಲಿನ ಭಾಮಿನಿ ಷಟ್ಪದಿಯನ್ನು ಹೀಗೆ ಓದಿಸಿ ಕೇಳುವುದರ ಮೇಲೆ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೇ ಸಾಲಿಗೆ 23. ಎಷ್ಟೋ ಕಡೆ ಪದವೇ ಎರಡು ಸಾಲಿಗೆ ಹಂಚಿಹೋಗಿರುತ್ತದೆ. ಯಂತ್ರ ಸಾಲಿನ ತುದಿಯಲ್ಲಿ ನಿಂತರೆ ಪದ ಕಡಿದುಹೋಗುತ್ತದೆ, ಸಾಲುಗಳನ್ನು ಅಂಟಿಸಿದರೆ ಲಯ ಹೋಗುತ್ತದೆ. ಮಾತ್ರೆ ಎಣಿಸುವ ಭಾಗ ಬರೆಯಲು ಶುರು ಮಾಡಿದ್ದೇನೆ. ಸಾಲು ದಾಟುವ ಪದಗಳನ್ನು ಗುರುತಿಸುವ ಉಪಾಯ ಯಾರಿಗಾದರೂ ಹೊಳೆದಿದ್ದರೆ ದಯವಿಟ್ಟು ಹೇಳಿ.